ಖಡ್ಗ ಮುಟ್ಟದವರ ಕಥೆ: ‘ದ ಶ್ಯಾಡೋ ರೈಸಿಂಗ್’ — ಒಂದು ವಿಮರ್ಶೆ

ಶಸ್ತ್ರವನ್ನು ಮುಟ್ಟುವುದೇ ಪಾಪವೆಂದು ಬಗೆದಿದ್ದ ಒಂದು ಜನಾಂಗವು ಲೋಕವೆಲ್ಲ ಅಂಜುವ ಯೋಧರ ಜನಾಂಗವಾಗಿ ಮಾರ್ಪಟ್ಟುದು ಹೇಗೆ? ಅಮೆರಿಕದ ಕಾದಂಬರಿಕಾರ ರಾಬರ್ಟ್ ಜೋರ್ಡಾನರು 1992ರಲ್ಲಿ ಪ್ರಕಟಿಸಿದ ‘ದ ಶ್ಯಾಡೋ ರೈಸಿಂಗ್’ ಎಂಬ ಬೃಹತ್ಕೃತಿಯ ಒಡಲಿನಲ್ಲಿ ಈ ಪ್ರಶ್ನೆ ಹುದುಗಿದೆ. ಮೇಲ್ನೋಟಕ್ಕೆ ಇದು ಮಾಯೆ, ಮಂತ್ರಶಕ್ತಿ, ರಾಕ್ಷಸಸೈನ್ಯ, ಭವಿಷ್ಯವಾಣಿಗಳಿಂದ ತುಂಬಿದ ಅದ್ಭುತಕಥೆ. ಇಂತಹ ಗ್ರಂಥಕ್ಕೂ ಅಹಿಂಸೆಯ ವಿಚಾರಕ್ಕೂ ಏನು ನಂಟೆಂದು ಹಿರಿಯ ವಾಚಕರು ಕೇಳಬಹುದು. ಶ್ರಾವಕರ ಮನೆಗಳಲ್ಲಿಯೂ ಕಾಲೇಜು ಓದುವ ಮಕ್ಕಳ ಕೈಯಲ್ಲಿ ಇಂದು ಇಂತಹ ಪುಸ್ತಕಗಳಿವೆ. 2025ರಲ್ಲಿ ಈ ಸಂಪುಟದ ಕಥೆಯೇ ದೂರದರ್ಶನ ಧಾರಾವಾಹಿಯ ಮೂರನೆಯ ಭಾಗವಾಗಿಯೂ ಬಂದಿತು. ಅದನ್ನು ಕಂಡ ಮಗನೋ ಮಗಳೋ “ಕೊಲ್ಲಬಾರದೆಂಬ ವ್ರತ ಹಿಡಿದವರೆಲ್ಲ ಅದರಲ್ಲಿ ಸೋಲುತ್ತಾರಲ್ಲ?” ಎಂದು ಕೇಳಿದರೆ, “ಅದೆಲ್ಲ ಕಟ್ಟುಕಥೆ” ಎಂದು ಹೇಳಿ ಎದ್ದುಹೋಗುವುದು ಉತ್ತರವಾಗದು.

ಈ ಕೃತಿ ಬಿಡಿಯಾದುದಲ್ಲ. ‘ದ ವೀಲ್ ಆಫ್ ಟೈಮ್’, ಅಂದರೆ ಕಾಲಚಕ್ರ, ಎಂಬ ಮಾಲಿಕೆಯ ಹದಿನಾಲ್ಕು ಸಂಪುಟಗಳಲ್ಲಿ ಇದು ನಾಲ್ಕನೆಯದು. ಮೊದಲನೆಯದು 1990ರಲ್ಲಿಯೂ ಕೊನೆಯದು 2013ರಲ್ಲಿಯೂ ಹೊರಬಂದವು. ಜೋರ್ಡಾನರು 2007ರಲ್ಲಿ ನಿಧನರಾದುದರಿಂದ ಕಡೆಯ ಮೂರು ಸಂಪುಟಗಳನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಕಿರಿಯ ಲೇಖಕರು ಪೂರ್ಣಗೊಳಿಸಿದರು. ಮೂಲಲೇಖಕರು 1968ರಿಂದ 1970ರವರೆಗೆ ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನ ಬಂದೂಕುಗಾರರಾಗಿದ್ದವರು. ಯುದ್ಧವನ್ನು ಅವರು ಪುಸ್ತಕದಿಂದ ಕಲಿತವರಲ್ಲ.

ಮಾಲಿಕೆಯ ನಡುವಣ ಸಂಪುಟವನ್ನು ತೂಗುವುದು ಸುಲಭವಲ್ಲ. ವರ್ಷದ ನಡುವೆ ತೆಗೆದ ತಾಳೆಪಟ್ಟಿಯನ್ನು ನೋಡಿ ವ್ಯಾಪಾರದ ಅಂತಿಮ ಲಾಭನಷ್ಟವನ್ನು ನಿರ್ಣಯಿಸಲಾಗದು. ಆದರೂ ಲೆಕ್ಕ ಬರೆಯುವವನ ಕೈ ಎಂತಹುದೆಂಬುದು ಅಲ್ಲಿಯೇ ತಿಳಿದುಬರುತ್ತದೆ. ಐವತ್ತೆಂಟು ಅಧ್ಯಾಯಗಳ ಈ ಗ್ರಂಥದ ಮೊದಲ ಭಾಗ ಒಂದು ಕೋಟೆಯೊಳಗೆ ಮಾತು, ಜಗಳ, ಸಮಾಲೋಚನೆಗಳಲ್ಲಿ ತೆವಳುತ್ತದೆ. ಇಬ್ಬರು ತರುಣಿಯರು ದೂರದ ಬಂದರುಪಟ್ಟಣವೊಂದರಲ್ಲಿ ಶತ್ರುಗಳನ್ನು ಅರಸುವ ಪ್ರಕರಣವು ಪುಟಗಳನ್ನು ತುಂಬುತ್ತದೆಯೇ ಹೊರತು ಮನಸ್ಸನ್ನು ತುಂಬುವುದಿಲ್ಲ. ಸ್ತ್ರೀಪಾತ್ರಗಳ ಸಿಡಿಮಿಡಿ ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಬಂದು ಬೇಸರ ತರುತ್ತದೆ. ಹಿಂದಿನ ಮೂರು ಸಂಪುಟಗಳನ್ನು ಓದದೆ ಇಲ್ಲಿಗೆ ಬಂದವರಿಗೆ ದಾರಿ ತೋಚದು. ಇಷ್ಟೆಲ್ಲ ದೋಷಗಳಿದ್ದರೂ ಇಪ್ಪತ್ತೈದು ಮತ್ತು ಇಪ್ಪತ್ತಾರನೆಯ ಅಧ್ಯಾಯಗಳಿಗಾಗಿಯೇ ಈ ಸಂಪುಟವನ್ನು ಎತ್ತಿ ಹೇಳಬೇಕಾಗಿದೆ.

ಕಥಾನಾಯಕ ರ್‍ಯಾಂಡ್ ಹಳ್ಳಿಯ ರೈತನೊಬ್ಬನ ಸಾಕುಮಗ. ಹುಟ್ಟಿನಿಂದ ಐಯೀಲರೆಂಬ ಮರುಭೂಮಿಯ ಜನಾಂಗಕ್ಕೆ ಸೇರಿದವನು. ಐಯೀಲರು ಈಟಿ ಹಿಡಿದು ಬದುಕುವ ಕಡುಗಲಿಗಳು. ಕೊಲ್ಲುವ ಮುನ್ನ ಮುಖಕ್ಕೆ ಮುಸುಕು ಹಾಕಿಕೊಳ್ಳುತ್ತಾರೆ. ಆದರೆ ಖಡ್ಗವನ್ನು ಮಾತ್ರ ಪ್ರಾಣ ಹೋದರೂ ಮುಟ್ಟರು. ಏಕೆಂದು ಕೇಳಿದರೆ ಜನಸಾಮಾನ್ಯರಿಗೆ ಗೊತ್ತಿಲ್ಲ. ಕುಲದ ನಾಯಕನಾಗಬೇಕಾದವನು ರೂಯಿಡಿಯನ್ ಎಂಬ ನಿರ್ಜನ ನಗರಕ್ಕೆ ಹೋಗಿ, ಅಲ್ಲಿಯ ಗಾಜಿನ ಕಂಬಗಳ ನಡುವೆ ಹಾದುಬರಬೇಕು. ಅಲ್ಲಿ ಅವನು ತನ್ನ ಪೂರ್ವಿಕರ ಕಣ್ಣಿನಿಂದಲೇ ಜನಾಂಗದ ಚರಿತ್ರೆಯನ್ನು ಕಾಣುತ್ತಾನೆ, ಈಚಿನಿಂದ ಆಚೆಗೆ, ಮೊಮ್ಮಗನಿಂದ ಅಜ್ಜನೆಡೆಗೆ, ಮೂರು ಸಾವಿರ ವರ್ಷಗಳಷ್ಟು ಹಿಂದಕ್ಕೆ.

ಮೊದಲು ಕಾಣುವವರು ಈಟಿ ಹಿಡಿದ ನಾಯಕರು. ಅವರಿಗಿಂತ ಹಿಂದೆ, ಬಂಡಿಗಳಲ್ಲಿ ಅಲೆಯುವ ಸಾಧುಜನರನ್ನು ಕಾಯುತ್ತಿರುವ ಒರಟು ತರುಣರು. ಅವರು ಕಾಯುತ್ತಿದ್ದರೂ ಆ ಸಾಧುಜನರು ಅವರನ್ನು ತಮ್ಮವರೆಂದು ಒಪ್ಪಿರುವುದಿಲ್ಲ. ಇನ್ನೂ ಹಿಂದೆ ಸರಿದಂತೆ ಈಟಿಗಳು ಮಾಯವಾಗುತ್ತವೆ. ಕಡೆಗೆ ಕಾಣುವುದು ‘ಎಲೆಯ ಮಾರ್ಗ’ವೆಂಬ ವ್ರತವನ್ನು ಹಿಡಿದು, ಯಾವ ಕಾರಣಕ್ಕೂ ಯಾರಿಗೂ ಹಿಂಸೆ ಮಾಡದೆ, ಹಾಡಿ ಬೆಳೆ ಬೆಳೆಸುತ್ತಿದ್ದ ಸೇವಕಜನಾಂಗ. ಲೋಕ ಕುಸಿಯುತ್ತಿದ್ದ ಕಾಲದಲ್ಲಿ ಮಹಾಶಕ್ತಿಯುಳ್ಳ ಹುಚ್ಚನೊಬ್ಬನು ನಗರವೊಂದನ್ನು ಸುಡಲು ಬಂದಾಗ, ಇವರಲ್ಲಿ ಹತ್ತು ಸಾವಿರ ಮಂದಿ ತೋಳಿಗೆ ತೋಳು ಕೂಡಿಸಿ ನಿಂತು ಅವನಿಗಾಗಿ ಹಾಡಿದರಂತೆ. ಅವನು ಕೊಲ್ಲುತ್ತ ಹೋದ. ಉಳಿದವರು ಸಾಲು ಕೂಡಿಕೊಂಡು ಹಾಡುತ್ತ ಹೋದರು. ಕಡೆಯ ಒಬ್ಬನ ಹಾಡನ್ನು ಬಹಳ ಹೊತ್ತು ಕೇಳಿ ಆಮೇಲೆ ಅವನನ್ನೂ ಕೊಂದ. ನಗರ ಉರಿಯಿತು. ಆದರೆ ಅಷ್ಟರೊಳಗೆ ಅಲ್ಲಿಯ ಜನರಲ್ಲಿ ಅನೇಕರು ಓಡಿ ಬದುಕಿಕೊಂಡಿದ್ದರು. ಇದನ್ನು ಜೋರ್ಡಾನರು ಒಬ್ಬರ ಬಾಯಲ್ಲಿ ಕೆಲವೇ ವಾಕ್ಯಗಳಲ್ಲಿ ಹೇಳಿಸುತ್ತಾರೆ. ಅಹಿಂಸೆಯು ಹೇಡಿತನವೆಂದು ತಿಳಿದವನು ಬರೆಯಬಹುದಾದ ಮಾತುಗಳಲ್ಲ ಅವು.

ಈ ಎರಡು ತುದಿಗಳ ನಡುವೆ ನಿಂತಿರುವವನು ಲೂಯಿನ್ ಎಂಬ ತರುಣ. ಕಳ್ಳರು ಬಂಡಿಗಳ ಮೇಲೆ ಬಿದ್ದು ಅವನ ತಂಗಿಯನ್ನೂ ಇನ್ನೊಬ್ಬ ಹುಡುಗಿಯನ್ನೂ ಹೊತ್ತೊಯ್ದಿದ್ದಾರೆ. ಹಿರಿಯರು ಸತ್ತವರಿಗಾಗಿ ಅಳುವಂತೆ ಅತ್ತು ಮುಂದೆ ನಡೆಯಲು ಸಿದ್ಧರಾಗಿದ್ದಾರೆ. ಲೂಯಿನ್ ಮತ್ತು ಗೆಳೆಯರು ರಾತ್ರಿ ಸದ್ದಿಲ್ಲದೆ ಹೋಗಿ ಹುಡುಗಿಯರನ್ನು ಬಿಡಿಸಿಕೊಂಡು ಬರಲೆಂದು ಹೊರಡುತ್ತಾರೆ, ಕೊಲ್ಲಬೇಕೆಂದಲ್ಲ. ಕಳ್ಳರು ಎಚ್ಚರಗೊಳ್ಳುತ್ತಾರೆ. ಕತ್ತಲಲ್ಲಿ ಕೈಗೆ ಸಿಕ್ಕಿದ ಆಯುಧದಿಂದ ತರುಣರು ಕೊಲ್ಲುತ್ತಾರೆ. ತಂಗಿಯನ್ನು ಕರೆದುಕೊಂಡು ಹಿಂದಿರುಗಿದವನನ್ನು ಅಜ್ಜನು ‘ನೀನು ನಮ್ಮವನಲ್ಲ’ ಎನ್ನುತ್ತಾನೆ. ತಾಯಿಯಾದವಳು, ಆ ಮುಖ ಸತ್ತುಹೋದ ತನ್ನ ಮಗನದೆಂದೂ ಅದನ್ನು ಕೊಲೆಗಾರನ ಮೈಮೇಲೆ ನೋಡಲಾರೆನೆಂದೂ ಹೇಳುತ್ತಾಳೆ. ಅವನು ಧೂಳಿಗೆಂದು ಕಟ್ಟಿದ್ದ ಬಟ್ಟೆಯನ್ನು ಮುಖದ ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಐಯೀಲರ ಮುಸುಕಿನ ಮೂಲ ಇದು. ಲೋಕವು ಶತ್ರುವಿನ ಎದೆ ನಡುಗಿಸುವ ರಣವೇಷವೆಂದು ತಿಳಿದಿದ್ದುದು, ತಾಯಿಗೆ ಮುಖ ತೋರಿಸಲಾರದ ಮಗನೊಬ್ಬನ ನಾಚಿಕೆ.

ಈ ಭಾಗವನ್ನು ಓದಿದ ಕನ್ನಡ ಜೈನ ವಾಚಕರಿಗೆ ಪಂಪನ ‘ಆದಿಪುರಾಣ’ದ ಭವಾವಳಿ ನೆನಪಾದರೆ ಆಶ್ಚರ್ಯವಿಲ್ಲ. ಅಲ್ಲಿಯೂ ಹಿಂದಿನದನ್ನು ತಿಳಿದಲ್ಲದೆ ಇಂದಿನದು ಅರ್ಥವಾಗದು. ಆದರೆ ವ್ಯತ್ಯಾಸ ದೊಡ್ಡದು. ಪುರಾಣದಲ್ಲಿ ಹಿಂದಕ್ಕೆ ಚಾಚಿರುವ ಎಳೆ ಒಂದೇ ಜೀವದ್ದು. ಜಾತಿಸ್ಮರಣೆಯಾದವನು ತನ್ನ ಕರ್ಮವನ್ನೇ ಕಾಣುತ್ತಾನೆ, ಆದುದರಿಂದ ವೈರಾಗ್ಯದ ಬಾಗಿಲು ತೆರೆಯುತ್ತದೆ. ಜೋರ್ಡಾನರಲ್ಲಿ ಆ ಎಳೆ ರಕ್ತದ್ದು. ತಾನು ಮಾಡದ ತಪ್ಪನ್ನು ಕಂಡವನು ಏನು ಮಾಡಬೇಕು? ರ್‍ಯಾಂಡನ ಜೊತೆಗೆ ಒಳಹೊಕ್ಕ ಇನ್ನೊಬ್ಬನು ಕಂಡುದನ್ನು ತಾಳಲಾರದೆ ತನ್ನ ಕಣ್ಣುಗಳನ್ನೇ ಕಿತ್ತುಕೊಳ್ಳುತ್ತಾನೆ. ತಾಳಿದವರು ನಾಯಕರಾಗಿ ಹೊರಬಂದು ಬಾಯಿ ಬಿಗಿದುಕೊಳ್ಳುತ್ತಾರೆ. ಹುಚ್ಚು ಅಥವಾ ಮೌನ: ಮೂರನೆಯ ದಾರಿಯನ್ನು ಆ ಜನಾಂಗ ಕಂಡುಕೊಂಡಿಲ್ಲ.

ಖಡ್ಗದ ನಿಷೇಧವನ್ನು ಕುರಿತು ಒಂದು ಮಾತು. ಈಟಿಯಿಂದ ಬೇಟೆಯಾಡಬಹುದು, ಖಡ್ಗಕ್ಕೆ ಮನುಷ್ಯರನ್ನು ಕೊಲ್ಲುವುದಲ್ಲದೆ ಬೇರೆ ಉಪಯೋಗವಿಲ್ಲ ಎಂಬ ತರ್ಕದ ಮೇಲೆ ಆ ನಿಷೇಧ ನಿಂತಿತ್ತು. ಕಾಲ ಕಳೆದಂತೆ ಈಟಿಯೇ ಮನುಷ್ಯರನ್ನು ಕೊಲ್ಲತೊಡಗಿತು; ನಿಷೇಧ ಮಾತ್ರ ಖಡ್ಗದ ಮೇಲೆಯೇ ಉಳಿಯಿತು. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಬರೆದ ಮಾತ್ರಕ್ಕೆ ಮೊತ್ತ ಕಡಿಮೆಯಾಗುವುದಿಲ್ಲವೆಂಬುದು ಅಂಗಡಿಯ ಹುಡುಗನಿಗೂ ಗೊತ್ತು. ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಗೊಟ್ಟುದು ಹಿಟ್ಟಿನ ಕೋಳಿ, ಆದರೂ ಸಂಕಲ್ಪಹಿಂಸೆಯು ಜನ್ಮಜನ್ಮಗಳಲ್ಲಿ ಬೆನ್ನಟ್ಟಿತು. ಇಲ್ಲಿ ಅದರ ತಿರುವುಮುರುವು: ಬಲಿಯಾಗುವವರು ನಿಜವಾದ ಮನುಷ್ಯರು, ಕೈ ಮಾತ್ರ ಖಡ್ಗವನ್ನು ಸೋಕಿಲ್ಲವೆಂಬ ಸಮಾಧಾನ. ವ್ರತದ ಅಕ್ಷರ ಉಳಿದು ಅರ್ಥ ಹೋಗುವುದು ಐಯೀಲರಿಗೆ ಮಾತ್ರ ಸಂಭವಿಸಿದ ಅನರ್ಥವಲ್ಲ. ರಾತ್ರಿಭೋಜನವನ್ನು ಬಿಟ್ಟು ಹಗಲಿನಲ್ಲಿ ಸಾಲಗಾರನ ಕೊರಳು ಹಿಸುಕುವ ವ್ಯಾಪಾರಿಯೂ ಈ ಕಥೆಯಲ್ಲಿ ತನ್ನ ಮುಖವನ್ನು ಕಾಣಬಹುದು.

ಇನ್ನು ಮುಖ್ಯ ಪ್ರಶ್ನೆ. ಆ ಸಾಧುಜನಾಂಗ ಮುರಿದುಬಿದ್ದುದು ಅಹಿಂಸೆ ದುರ್ಬಲವಾದುದರಿಂದಲೇ? ಜೋರ್ಡಾನರು ನೇರವಾಗಿ ಉತ್ತರಿಸುವುದಿಲ್ಲ, ಅದು ಅವರ ದೊಡ್ಡತನ. ಜೈನ ಆಚಾರಶಾಸ್ತ್ರವನ್ನು ಬಲ್ಲವರಿಗೆ ಬೇರೊಂದು ಕಾರಣ ಹೊಳೆಯುತ್ತದೆ. ಬಂಡಿ, ಸಂಸಾರ, ಹೆಣ್ಣುಮಕ್ಕಳು, ಧಾನ್ಯದ ಮೂಟೆ ಎಲ್ಲವನ್ನೂ ಹೊತ್ತು ನಡೆಯುವ ಗೃಹಸ್ಥರ ಮೇಲೆ ಆ ಜನಾಂಗವು ಮಹಾವ್ರತವನ್ನು ಹೊರಿಸಿತ್ತು. ಏನೂ ಇಲ್ಲದ ಮುನಿಗೆ ಕಳ್ಳರು ಕದಿಯುವುದೇನು? ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಮೊದಲನೆಯದನ್ನು ಶ್ರಾವಕನು ಪೂರ್ತಿಯಾಗಿ ಬಿಡಬೇಕೆಂದೂ ಉಳಿದವುಗಳಲ್ಲಿ ಯತ್ನಾಚಾರದಿಂದ ಮಿತಿ ಕಾಯಬೇಕೆಂದೂ ವಿಧಿಸಿದ ಹಿರಿಯರು ಮನುಷ್ಯನ ಅಳತೆಯನ್ನು ಬಲ್ಲವರು. ಭರತ ಬಾಹುಬಲಿಯರ ನಡುವೆ ಮಂತ್ರಿಗಳು ಸೇನೆಗಳನ್ನು ಬದಿಗೆ ನಿಲ್ಲಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿಸಿದ ಕಥೆಯಲ್ಲಿಯೂ ಇದೇ ವಿವೇಕವಿದೆ: ಪೂರ್ಣ ಯುದ್ಧಕ್ಕೂ ಪೂರ್ಣ ಶರಣಾಗತಿಗೂ ನಡುವೆ ಮೆಟ್ಟಿಲುಗಳುಂಟು. ಜೋರ್ಡಾನರ ಲೋಕದಲ್ಲಿ ಆ ಮೆಟ್ಟಿಲುಗಳೇ ಇಲ್ಲ. ಮೇಲಿನಿಂದ ಜಾರಿದವನು ನೆಲಕ್ಕೇ ಬೀಳಬೇಕು.

ಬಿದ್ದವನು ಏಳುವ ಬಗೆಯೂ ಇಲ್ಲ. ಲೂಯಿನನು ಮಾಡಿದುದು ವಿರೋಧೀಹಿಂಸೆ. ಹಿಂಸೆ ಹಿಂಸೆಯೇ; ಅದರ ಬಂಧ ತಪ್ಪದು. ಆದರೆ ಅವನ ಅಜ್ಜನು ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡು ನಡೆದುದನ್ನೆಲ್ಲ ಹೇಳಿಸಿ, ಇಷ್ಟು ದಿನ ಇಂತಹ ಪ್ರಾಯಶ್ಚಿತ್ತವೆಂದು ವಿಧಿಸಿ ಮತ್ತೆ ಬಂಡಿಗೆ ಹತ್ತಿಸಿಕೊಂಡಿದ್ದರೆ? ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತ ಎಂಬ ಮಾತುಗಳು ಅವರ ಭಾಷೆಯಲ್ಲಿ ಇದ್ದಿದ್ದರೆ ಒಂದು ರಾತ್ರಿಯ ಕೊಲೆ ಅಲ್ಲಿಗೇ ನಿಲ್ಲುತ್ತಿತ್ತು. ಹೊರಗೆ ತಳ್ಳಲ್ಪಟ್ಟವನು ಆಯುಧವನ್ನು ಬಿಡಲು ಕಾರಣವೇ ಉಳಿಯಲಿಲ್ಲ. ಅವನ ಮಗ ಅದನ್ನು ಕಲಿತ. ಮೊಮ್ಮಗ ಅದನ್ನು ಹೆಮ್ಮೆಯೆಂದು ತಿಳಿದ. ವ್ರತದ ಕಾಠಿಣ್ಯವೇ ಈಟಿಯ ವಂಶವನ್ನು ಹುಟ್ಟಿಸಿತು.

ಇದಕ್ಕೆ ವಿರುದ್ಧವಾದ ಸಾಕ್ಷ್ಯವೊಂದು ಗ್ರಂಥದಲ್ಲಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಐಯೀಲರ ಶೀಲಸಂಹಿತೆ ಋಣದ ಸಂಹಿತೆ. ತಪ್ಪಿದವನು ತನ್ನ ಋಣವನ್ನು ತಾನೇ ಲೆಕ್ಕಹಾಕಿ ತೀರಿಸಬೇಕು. ಆಯುಧ ಹಿಡಿದ ವೈರಿಯನ್ನು ನೋಯಿಸದೆ ಬರಿಗೈಯಿಂದ ಮುಟ್ಟುವುದು ಅವರಲ್ಲಿ ಅತಿದೊಡ್ಡ ಗೌರವ. ಹಾಗೆ ಮುಟ್ಟಿಸಿಕೊಂಡು ಸೆರೆಯಾದವನು ಒಂದು ವರ್ಷ ಒಂದು ದಿನ ಬಿಳಿಯ ಉಡುಪಿನಲ್ಲಿ, ಆಯುಧ ಮುಟ್ಟದೆ, ತಗ್ಗಿ ಸೇವೆ ಮಾಡುತ್ತಾನೆ. ಮರೆತ ವ್ರತದ ನೆರಳು ಇಲ್ಲಿ ಉಳಿದಿದೆ. ಪ್ರಾಯಶ್ಚಿತ್ತದ ಬುದ್ಧಿ ಆ ಜನಕ್ಕೆ ಇಲ್ಲದೆ ಇಲ್ಲ. ಆದರೆ ಎಲ್ಲ ಚಿಲ್ಲರೆ ಸಾಲಗಳನ್ನು ಕಾಸಿಗೆ ಕಾಸು ತೀರಿಸುವವರ ಪುಸ್ತಕದಲ್ಲಿ ಮೂಲಸಾಲವನ್ನೇ ಬರೆದಿಲ್ಲ. ಅದನ್ನು ನಾಯಕರು ಮುಚ್ಚಿಟ್ಟಿದ್ದಾರೆ. ಬರೆಯದ ಸಾಲವನ್ನು ಯಾರು ತೀರಿಸಿಯಾರು?

‘ಎಲೆಯ ಮಾರ್ಗ’ದ ತತ್ತ್ವವನ್ನು ಮೊದಲ ಸಂಪುಟದಲ್ಲಿಯೇ ಹೇಳಿದೆ. ಕೊಡಲಿಯು ಮರವನ್ನು ಕಡಿದರೂ ತಾನೂ ಮೊಂಡಾಗುತ್ತದೆ, ಹಾಗೆಯೇ ಹಿಂಸೆಯು ಮಾಡಿದವನನ್ನೂ ಕೆಡಿಸುತ್ತದೆ ಎಂಬ ಅಲ್ಲಿಯ ದೃಷ್ಟಾಂತವು ಜೈನರಿಗೆ ಒಪ್ಪಿಗೆಯಾಗುವಂತಹುದು. ಕಷಾಯವಶನಾದವನು ಮೊದಲು ತನ್ನ ಆತ್ಮವನ್ನೇ ಘಾತಿಸುತ್ತಾನೆಂದು ಆಚಾರ್ಯರು ಹೇಳಿಲ್ಲವೇ? ಆದರೆ ಎಲೆಯ ಉಪಮೆಯಲ್ಲಿ ದೋಷವಿದೆ. ಎಲೆಯು ಗಾಳಿಯೊಡನೆ ಹೋರಾಡದು, ಕಾಲ ಬಂದಾಗ ಉದುರುತ್ತದೆ, ನಿಜ. ಎಲೆಗೆ ಪುರುಷಾರ್ಥವೂ ಇಲ್ಲ. ಅಹಿಂಸೆ ಉದುರುವ ಕ್ರಿಯೆಯಲ್ಲ. ಹೆಜ್ಜೆಹೆಜ್ಜೆಗೂ ಎಚ್ಚರ, ಅಪ್ರಮಾದ. ಮಾಲಿಕೆಯ ಹೆಸರು ಕಾಲಚಕ್ರವಾದರೂ ಇದೇ ಕೊರತೆ ಅಲ್ಲಿಯೂ ಕಾಣುತ್ತದೆ. ಜೋರ್ಡಾನರ ಚಕ್ರಕ್ಕೆ ಏಳು ಯುಗಗಳು, ಅದು ಮನುಷ್ಯರನ್ನು ನೂಲಿನಂತೆ ನೇಯುತ್ತದೆ. ಉತ್ಸರ್ಪಿಣೀ ಅವಸರ್ಪಿಣಿಗಳ ಹನ್ನೆರಡು ಆರಗಳುಳ್ಳ ಚಕ್ರವೂ ತಿರುಗುತ್ತದೆ; ಆದರೆ ಅದು ಯಾರನ್ನೂ ನೇಯುವುದಿಲ್ಲ, ನೇಯ್ಗೆ ಅವರವರ ಕರ್ಮದ್ದು.

ಇದೇ ಸಂಪುಟದ ಇನ್ನೊಂದು ಕಥಾಸರಣಿಯಲ್ಲಿ ಟ್ರಾಲಕ್ ಎಂಬ ರಾಕ್ಷಸಪ್ರಾಣಿಗಳು ಹಳ್ಳಿಗಳನ್ನು ಮುತ್ತುತ್ತವೆ. ಎಲೆಯ ಮಾರ್ಗವನ್ನು ಇನ್ನೂ ಬಿಡದ ಅಲೆಮಾರಿಗಳ ತಂಡವೊಂದು ನುಚ್ಚುನೂರಾಗಿ, ಉಳಿದವರು ಆಯುಧಗಳ ಕಾವಲಿರುವ ಊರಿನೊಳಗೆ ಆಶ್ರಯ ಪಡೆಯುತ್ತಾರೆ. ತನ್ನವರ ಸಾವನ್ನು ಕಂಡ ಆರಮ್ ಎಂಬ ತರುಣನು ಖಡ್ಗ ಬೇಡಿ ಕಟ್ಟಿಕೊಳ್ಳುತ್ತಾನೆ. ಅವನ ಅಜ್ಜಿಯ ಸಂಕಟದಲ್ಲಿ ಲೂಯಿನನ ತಾಯಿಯ ದನಿ ಸಾವಿರಾರು ವರ್ಷಗಳಾಚೆಯಿಂದ ಮರಳಿ ಕೇಳಿಸುತ್ತದೆ. ಎರಡು ಪ್ರಸಂಗಗಳನ್ನು ಒಂದೇ ಸಂಪುಟದಲ್ಲಿ ಇಟ್ಟು, ಒಂದು ಮಾತಿನ ವಿವರಣೆಯನ್ನೂ ಕೊಡದೆ ಓದುಗರಿಗೇ ಬಿಟ್ಟಿರುವುದು ಮೆಚ್ಚತಕ್ಕ ಸಂಯಮ. ಆರಮನಿಗೆ ಖಡ್ಗವು ಶಾಂತಿ ತರುವುದಿಲ್ಲ. 2005ರಲ್ಲಿ ಬಂದ ಹನ್ನೊಂದನೆಯ ಸಂಪುಟದಲ್ಲಿ ಅವನು ತನಗೆ ಆಸರೆಯಾಗಿದ್ದ ಪೆರಿನನನ್ನೇ ಕೊಲ್ಲಹೋಗಿ ತಾನೇ ಸಾಯುತ್ತಾನೆ.

ಆದರೆ ಇಲ್ಲಿ ಲೇಖಕರು ತಕ್ಕಡಿಯ ಒಂದು ತಟ್ಟೆಗೆ ಬೆರಳು ಊರಿದ್ದಾರೆ. ಟ್ರಾಲಕ್‌ಗಳು ಕೊಲ್ಲುವುದಕ್ಕೆಂದೇ ಹುಟ್ಟಿಸಲ್ಪಟ್ಟ ಜೀವಿಗಳು. ಅವುಗಳಲ್ಲಿ ಕರುಣೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಹೃದಯವೇ ಇಲ್ಲದ ವೈರಿಯನ್ನು ಕಲ್ಪಿಸಿ, ಹೃದಯಪರಿವರ್ತನೆ ಸಾಧ್ಯವಾಗಲಿಲ್ಲವೆಂದು ತೋರಿಸುವುದು ಪರೀಕ್ಷೆಯಲ್ಲ. ಮೇಲೆ ಹೇಳಿದ ಹುಚ್ಚನೂ ಲೂಯಿನನ ಕಳ್ಳರೂ ಮನುಷ್ಯರು. ಆದುದರಿಂದಲೇ ಆ ಪ್ರಸಂಗಗಳು ಕಾಡುತ್ತವೆ, ಇದು ಕಾಡುವುದಿಲ್ಲ. ತರುಣ ಓದುಗರಿಗೆ ಹಿರಿಯರು ತೋರಿಸಿಕೊಡಬೇಕಾದ ಮೊದಲ ಭೇದ ಇದು. ರಕ್ತಪಾತದ ವರ್ಣನೆ ಧಾರಾಳವಾಗಿರುವುದರಿಂದ ಚಿಕ್ಕ ಮಕ್ಕಳಿಗೆ ಗ್ರಂಥ ತಕ್ಕುದಲ್ಲ. ಹದಿನಾರು ದಾಟಿದವರು ಓದಲಿ. ಬಸದಿಯ ಗ್ರಂಥಭಂಡಾರದಲ್ಲಿ ಇದಕ್ಕೆ ಎಡೆಯೇ ಎಂದು ಧರ್ಮದರ್ಶಿಗಳು ಹುಬ್ಬುಗಂಟಿಕ್ಕಬಹುದು. ಜನ್ನನ ಪಕ್ಕದಲ್ಲಿ ಒಂದು ಪ್ರತಿ ಇಟ್ಟರೆ ಜನ್ನನನ್ನು ತೆಗೆದು ಓದುವವರಾದರೂ ಹೆಚ್ಚಿಯಾರು.

ಗ್ರಂಥದ ಕೊನೆಯಲ್ಲಿ ಕುಲಗಳೆಲ್ಲ ಸೇರಿದ ಸಭೆಯಲ್ಲಿ ಕೂಲಾಡಿನ್ ಎಂಬ ಮೋಸಗಾರನು ತಾನೇ ನಾಯಕೋತ್ತಮನೆಂದು ಸಾರುತ್ತಾನೆ. ಅವನು ಗಾಜಿನ ಕಂಬಗಳ ನಡುವೆ ಹೋಗಿಲ್ಲವೆಂಬುದನ್ನು ತೋರಿಸಲು ರ್‍ಯಾಂಡನು ಅಲ್ಲಿಯ ರಹಸ್ಯವನ್ನೇ ಎಲ್ಲರೆದುರು ಒಡೆದು ಹೇಳುತ್ತಾನೆ: ನಿಮ್ಮ ಪೂರ್ವಿಕರು ಆಯುಧ ಹಿಡಿದವರಲ್ಲ. ಹೇಳಿದುದು ನಿಜ. ಆದರೆ ಪ್ರಾಣಿಪೀಡೆಗೆ ಕಾರಣವಾಗುವ ನುಡಿಯು ಇದ್ದುದನ್ನೇ ಹೇಳಿದರೂ ಪ್ರಶಸ್ತವಲ್ಲವೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸಿದ್ದಾರೆ. ರ್‍ಯಾಂಡನು ಸತ್ಯವನ್ನು ಗೆಲ್ಲುವುದಕ್ಕೆ ಬಳಸಿದ, ಗುಣಪಡಿಸುವುದಕ್ಕಲ್ಲ. ಜನ ಬೆಚ್ಚಿಬೀಳುತ್ತಾರೆ. ಹಲವರು ಈಟಿಗಳನ್ನು ಅಲ್ಲಿಯೇ ಬಿಸುಟು ಹೊರಟುಹೋಗುತ್ತಾರೆ. ಅವರು ಎಲ್ಲಿಗೆ ಹೋದರು, ಯಾರ ಮನೆಯ ಬಾಗಿಲು ತಟ್ಟಿದರು, ಬರಿದಾದ ಕೈಗಳಿಂದ ಏನು ಮಾಡಿದರು? ಲೇಖಕರ ದೃಷ್ಟಿ ಅಷ್ಟರಲ್ಲಿ ಗೆದ್ದವನ ಕಡೆಗೆ ತಿರುಗಿರುತ್ತದೆ. ಮುಂದಿನ ಸಂಪುಟಗಳಲ್ಲಿ, ಅವಧಿ ಮುಗಿದರೂ ಬಿಳಿಯ ಉಡುಪನ್ನು ಕಳಚಲು ಒಪ್ಪದ ಕೆಲವರ ಪ್ರಸ್ತಾಪ ಅಲ್ಲಲ್ಲಿ ಬರುತ್ತದೆ. ಅದು ತಮ್ಮ ಪೂರ್ವಿಕರ ಋಣವೆಂದು ಅವರು ಹೇಳುತ್ತಾರೆ. ಉಳಿದ ಐಯೀಲರು ಅದನ್ನೊಂದು ರೋಗವೆಂಬಂತೆ ಕಾಣುತ್ತಾರೆ. ಹದಿನಾಲ್ಕು ಸಂಪುಟಗಳಲ್ಲಿ ರಾಜರಿಗೆ, ಸೇನಾನಿಗಳಿಗೆ, ಕಳ್ಳರಿಗೆ ಕೂಡ ಅಧ್ಯಾಯಗಳಿವೆ. ಇವರಿಗೆ ದೊರೆತುದು ಆಗೀಗ ಬಂದುಹೋಗುವ ಕೆಲವು ಸಾಲುಗಳು.